ಮಾಮಾನ ಬಲ ಮೊಣಕಾಲು

ಶ್ರುತಿ ಸರಿಯಿಲ್ಲವೆಂದು ಫ್ರಿಜ್ಜನ್ನು ಅಂಗಡಿಗೆ ವಾಪಸು ಮಾಡಿದವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡದ್ದಷ್ಟೇ ಅಲ್ಲ, ‘ಈ ಮನುಷ್ಯ ಯಾರೋ ನನಗೆ ಗೊತ್ತೇ ಇಲ್ಲ’ ಎಂಬ ಮುಖ ಮಾಡಿಕೊಂಡು ಅವರ ಪಕ್ಕದಲ್ಲೇ ಅರ್ಧ ಗಂಟೆ ನಿಂತಿದ್ದೇನೆ. ಅವರು ನನ್ನ ಸ್ವಂತ ಸೋದರಮಾವ!

ಕೌಂಟರಿನ ಹೆಂಗಸು ಮರ್ಯಾದೆಯಿಂದಲೇ ಕೇಳಿದಳು, “ಈಸ್ ಇಟ್ ನಾಟ್ ಕೂಲಿಂಗ್, ಸರ್?”

“ಕೂಲಿಂಗ್ ಈಸ್ ಎಕ್ಸಲೆಂಟ್,” ಎಂದರು ಮಾಮಾ. “ಬಟ್ ಇಟ್ ಹಮ್ಸ್ ಇನ್ ದಿ ರಾಂಗ್ ನೋಟ್.”

ಆಕೆ ಕಂಪ್ಯೂಟರಿನಲ್ಲಿದ್ದ ಕಾರಣಗಳ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಒಮ್ಮೆ, ಕೆಳಗಿಂದ ಮೇಲಕ್ಕೆ ಒಮ್ಮೆ ಓದಿ, ಕೊನೆಗೆ ‘ಅದರ್’ ಎಂಬುದನ್ನು ಒತ್ತಿದಳು. ನಮ್ಮ ಮಾಮಾನನ್ನು ಇಷ್ಟು ಸರಿಯಾಗಿ ಗುರುತಿಸಿದವರು ನಮ್ಮ ಬಂಧುಬಳಗದಲ್ಲೂ ಯಾರಿಲ್ಲ.

ಮಾಮಾ ಧಾರವಾಡದವರು. ದೇಶ ಬಿಟ್ಟು ಬಂದು, ಇಲ್ಲಿ ಬಾಸ್ಕಿಂಗ್ ರಿಡ್ಜ್ ಎಂಬ ಊರಿನ ಟೆಲಿಫೋನು ಕಂಪನಿಯೊಂದರಲ್ಲಿ ಇಂಜಿನಿಯರಾಗಿದ್ದರು. ಲೈನಿನಲ್ಲಿ ಕೇಳಬಾರದ ಸದ್ದು ಕೇಳಿದರೆ ಅದು ಎಲ್ಲಿಂದ ಬರುತ್ತಿದೆ ಎಂದು ಹುಡುಕುವುದು ಅವರ ನೌಕರಿ. ಮನೆಯಲ್ಲಿ ಇನ್ನೊಂದು ನೌಕರಿಯಿತ್ತು. ಮಾಮಿ ಹಿಂದುಸ್ತಾನಿ ಹಾಡುತ್ತಿದ್ದರು, ಮಾಮಾ ತಂಬೂರಿ ಮೀಟುತ್ತಿದ್ದರು. ಗಣೇಶೋತ್ಸವವಿರಲಿ, ದೀಪಾವಳಿಯಿರಲಿ, ವೇದಿಕೆಯ ಮೇಲೆ ಮಾಮಿಯ ಎಡಗಡೆ ಒಂದು ಗೇಣು ಹಿಂದೆ ಮಾಮಾ ಹಾಜರು. ತಂತಿ ಕೊಂಚ ಇಳಿದರೂ ಸರಿ, ಮಾಮಾನಿಗೆ ತೂಕಡಿಕೆ ಬಂದು ಬೆರಳು ನಿಧಾನವಾದರೂ ಸರಿ, ಮಾಮಿ ತಿರುಗಿ ನೋಡುತ್ತಿರಲಿಲ್ಲ. ಹಾಡುತ್ತ ಹಾಡುತ್ತಲೇ ಎಡಗೈಯನ್ನು ಸೆರಗಿನ ಮರೆಯಲ್ಲಿ ಹಿಂದಕ್ಕೆ ಚಾಚಿ, ಮಾಮಾನ ಬಲ ಮೊಣಕಾಲಿಗೆ ಒಂದು ಚಿವುಟು! ಸಭಿಕರು ಅದನ್ನು ಆಲಾಪದ ಹಾವಭಾವ ಎಂದುಕೊಂಡು ತಲೆದೂಗುತ್ತಿದ್ದರು. ಮಾಮಾ ಊಟದ ಹೊತ್ತಿಗೆ ಪಾಯಜಾಮ ಮೇಲೇರಿಸಿ ನೀಲಿಗಟ್ಟಿದ ಜಾಗವನ್ನು ಎಲ್ಲರಿಗೂ ತೋರಿಸುತ್ತಿದ್ದರು.

“ನೋಡವಾ, ನಿಮ್ಮ ಮಾಮಿ ಇವತ್ತ ನಾಕು ಸಲ ಚೂಟಿದ್ಲು. ಭಾಳ ಛೊಲೋ ಮೂಡಿನಾಗ ಇದ್ಲು!”

ಒಂದು ದಿನ ಮಾಮಿಗೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು, ಮಾತು, ಮೂರೂ ಒಂದೇ ಬೆಳಿಗ್ಗೆ ಹೋದವು. ಎಡಗೈಯಲ್ಲಿ ಶಕ್ತಿಯಿದೆ ಎಂದರು ಡಾಕ್ಟರು. ಆದರೆ ಅದನ್ನು ಎತ್ತಬೇಕೆಂಬ ಮನಸ್ಸೇ ಮಾಮಿಗಿರಲಿಲ್ಲ. ಕೈಯಲ್ಲಿ ಚಮಚ ಇಟ್ಟರೆ ಚಮಚ ಅಲ್ಲೇ ಇರುತ್ತಿತ್ತು. ಎದುರು ನಿಂತರೆ ನಮ್ಮನ್ನು ದಾಟಿ ಗೋಡೆಯನ್ನು ನೋಡುತ್ತಿದ್ದರು. ‘ಡೋಂಟ್ ಎಕ್ಸ್‌ಪೆಕ್ಟ್ ಮಚ್’ ಎಂದು ಡಾಕ್ಟರು ಹೇಳಿದ ವಾರವೇ ಮಾಮಾ ನೌಕರಿ ಬಿಟ್ಟರು.

“ಮಾತು ಹೋಗಿರಬಹುದು. ಶ್ರುತಿ ಹ್ಯಾಂಗ ಹೋಗ್ತದ?” ಎಂಬುದು ಅವರ ವಾದ. “ಅಕಿ ಒಳಗ ಕೂತಾಳ. ನಾವು ಬಾಗಿಲಾ ಬಡೀಬೇಕು, ಅಷ್ಟ.”

ಬಡಿದರು ನೋಡಿ! ಮಾಮಿಯ ಶ್ರುತಿ ಹಾರ್ಮೋನಿಯಮ್ಮಿನ ನಾಲ್ಕನೆಯ ಕಪ್ಪು ಕೀ. ಅದನ್ನು ‘ಕರಿ ನಾಲ್ಕು’ ಎನ್ನುತ್ತಾರೆ. ಮನೆಯಲ್ಲಿ ಸದ್ದು ಮಾಡುವ ಸಕಲ ವಸ್ತುಗಳೂ ಕರಿ ನಾಲ್ಕಕ್ಕೆ ಹೊಂದಬೇಕೆಂದು ಮಾಮಾ ಹಟ ಹಿಡಿದರು. ಹೀಟರು ಪಾಸಾಯಿತು. ಡಿಶ್‌ವಾಷರು ಫೇಲು. ವ್ಯಾಕ್ಯೂಮ್ ಕ್ಲೀನರು ಮೊದಲು ಹೊಂದುತ್ತಿತ್ತು, ಚೀಲದಲ್ಲಿ ಕಸ ತುಂಬುತ್ತಿದ್ದಂತೆ ಅದರ ದನಿ ಬದಲಾಗುತ್ತಿತ್ತು; ಹಾಗಾಗಿ ದಿನಕ್ಕೊಂದು ಹೊಸ ಚೀಲ. ಇಂಟರ್ನೆಟ್ ಹಚ್ಚಿದರೆ ಮೋಡೆಮ್ಮು ಕಿರುಚುತ್ತಿದ್ದ ಕಾಲ ಅದು. ಮಾಮಾ ಅದನ್ನು ಗ್ಯಾರೇಜಿಗೆ ಗಡೀಪಾರು ಮಾಡಿದರು. ಚಳಿಗಾಲದಲ್ಲಿ ಕೋಟು, ಟೋಪಿ, ಕೈಗವಸು ತೊಟ್ಟು ಗ್ಯಾರೇಜಿನಲ್ಲಿ ನಿಂತು ಈಮೇಲ್ ಓದುತ್ತಿದ್ದರು. ಎರಡನೆಯ ಫ್ರಿಜ್ಜು ಮಾತ್ರ ಅಚ್ಚುಕಟ್ಟಾಗಿ ಕರಿ ನಾಲ್ಕರಲ್ಲಿ ಗುಂಯ್‌ಗುಟ್ಟಿತು. ಮಾಮಿಯ ಗಾಲಿಕುರ್ಚಿಯನ್ನು ಅದರ ಪಕ್ಕದಲ್ಲೇ ಇಟ್ಟರು. ಮಾಮಿ ಗೋಡೆ ನೋಡುವುದನ್ನು ಬಿಟ್ಟು ಫ್ರಿಜ್ಜು ನೋಡತೊಡಗಿದರು, ಅಷ್ಟೇ.

ಆ ವರ್ಷಗಳಲ್ಲಿ ನನ್ನ ಆಫೀಸಿನವರೆಲ್ಲ ಬಾಯಿ ತೆರೆದರೆ ಸ್ಟಾಕ್ ಆಪ್ಶನ್ ಎನ್ನುತ್ತಿದ್ದರು, ಆರು ತಿಂಗಳಿಗೊಮ್ಮೆ ಕಂಪನಿ ಹಾರುತ್ತಿದ್ದರು. ನಾನು ಪ್ರತಿ ಶನಿವಾರ ನಾನಿದ್ದ ಈಸ್ಟ್ ಬ್ರನ್ಸ್‌ವಿಕ್‌ನಿಂದ ಮಾಮಾನ ಮನೆಯಿದ್ದ ಮಾನ್ಮತ್ ಜಂಕ್ಷನ್ನಿಗೆ ಡ್ರೈವ್ ಮಾಡಿ, ಮಾಮಿಯ ಗಾಲಿಕುರ್ಚಿಯನ್ನು ಮಡಚಿ ವ್ಯಾನಿಗೆ ಏರಿಸುತ್ತಿದ್ದೆ. ಹಾಡು ಎಲ್ಲಿದೆಯೋ ಅಲ್ಲಿಗೆ ನಮ್ಮ ಸವಾರಿ. ಗುರುದ್ವಾರ, ಕೊರಿಯನ್ನರ ಚರ್ಚು, ಯೆಹೂದಿಗಳ ಮಂದಿರ, ಹೈಸ್ಕೂಲಿನ ಮಕ್ಕಳ ಸಮೂಹಗಾನ. ಎಲ್ಲಾ ಕಡೆ ಮಾಮಾ ಮಾಮಿಯನ್ನು ನೋಡುವುದು, ಮಾಮಿ ಗೋಡೆಯನ್ನು ನೋಡುವುದು, ನಾನು ಗಡಿಯಾರ ನೋಡುವುದು. ನಿಜ ಹೇಳಬೇಕೆಂದರೆ ನನಗೆ ಸಾಕುಸಾಕಾಗಿತ್ತು. ಬಾಗಿಲ ಒಳಗೆ ಯಾರೂ ಇಲ್ಲ ಎಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟಿದ್ದೆ. ಮಾಮಾನಿಗೆ ಹೇಳುವ ಧೈರ್ಯವಿರಲಿಲ್ಲ.

ಹೀಗಿರುವಾಗ ಒಂದು ಮಾರ್ಚ್ ತಿಂಗಳಲ್ಲಿ ಮಾಮಾ ಲೈಬ್ರರಿಯಿಂದ ಒಂದು ಕಾಗದ ತಂದರು. ಹತ್ತಿರದ ವಿಶ್ವವಿದ್ಯಾಲಯದಲ್ಲಿ ಬೈಜಾಂಟಿಯಮ್ ಕುರಿತು ವಿದ್ವಾಂಸರ ಸಮ್ಮೇಳನವಂತೆ. ಜೊತೆಗೆ ಸಾರ್ವಜನಿಕರಿಗಾಗಿ ಶನಿವಾರ ಚಿತ್ರಪ್ರದರ್ಶನ, ಭಾನುವಾರ ಗಾಯನ.

“ಮಾಮಾ, ಬೈಜಾಂಟಿಯಮ್ ಅಂದ್ರ ಏನಂತ ಗೊತ್ತದ ಏನು ನಿಮಗ?”

“ಈಗಿನ ಇಸ್ತಾಂಬುಲ್ ಅದ ಅಲಾ, ಅಲ್ಲಿ ಸಾವಿರ ವರ್ಷ ಇದ್ದ ರಾಜ್ಯ. ಈಗಿಲ್ಲ.”

“ಇಲ್ಲದ ರಾಜ್ಯದ ಹಾಡು ಕೇಳಿ ಏನ್ ಮಾಡೋದು?”

“ರಾಜ್ಯ ಹೋಗ್ಯದ, ಹಾಡು ಉಳದದ. ಅದಕ್ಕ ಅಲಾ ಹೋಗೋದು!”

ನಾನು ವ್ಯಾನು ತೆಗೆದೆ.

ಶನಿವಾರ ಹಿಮವೂ ಅಲ್ಲದ ಮಳೆಯೂ ಅಲ್ಲದ ಏನೋ ಒಂದು ಸುರಿಯುತ್ತಿತ್ತು. ಪ್ರದರ್ಶನದ ಕೋಣೆಯಲ್ಲಿ ಹಳೆಯ ಮರದ ಹಲಗೆಗಳ ಮೇಲೆ ಬರೆದ ದೇವರ ಚಿತ್ರಗಳು, ಹಿಂದೆ ಚಿನ್ನದ ಬಣ್ಣ. ಬಾಗಿಲಲ್ಲೇ ಮಾಮಾನ ಕಣ್ಣಿಗೆ ಬಿದ್ದರು, ದೇವರು! ತಕ್ಷಣ ಬಗ್ಗಿ ಬೂಟು ಬಿಚ್ಚಿದರು. ಗಾಲಿಕುರ್ಚಿಯಲ್ಲಿ ಕೂತ ಮಾಮಿಯ ಬೂಟನ್ನೂ ಬಿಚ್ಚಿದರು. ನನ್ನನ್ನು ಒಮ್ಮೆ ನೋಡಿದರು, ನಾನೂ ಬಿಚ್ಚಿದೆ. ನಾವು ಒಳಗೆ ಹೋಗಿ ತಿರುಗಿ ನೋಡುವಷ್ಟರಲ್ಲಿ ಎದೆಗೆ ಬ್ಯಾಡ್ಜು ಹಚ್ಚಿಕೊಂಡ ಇಬ್ಬರು ವಿದ್ವಾಂಸರು ಹೊಸ್ತಿಲಲ್ಲಿ ಸಾಲಾಗಿಟ್ಟ ಮೂರು ಜೊತೆ ಬೂಟು ನೋಡಿ, ಇಲ್ಲಿನ ನಿಯಮ ಇದೇ ಇರಬೇಕೆಂದು ತಮ್ಮವನ್ನೂ ಕಳಚುತ್ತಿದ್ದರು. ಅವರನ್ನು ನೋಡಿ ಇನ್ನು ನಾಲ್ವರು. ಹತ್ತು ನಿಮಿಷದಲ್ಲಿ ಬಾಗಿಲ ಮುಂದೆ ನಮ್ಮೂರಿನ ಮಠದಲ್ಲಿ ಆರಾಧನೆಯ ದಿನ ಬೀಳುವಷ್ಟು ಪಾದರಕ್ಷೆ! ಸಾಮ್ರಾಜ್ಯಗಳ ಏಳುಬೀಳು ಬಲ್ಲ ಪಂಡಿತರು ಒದ್ದೆ ಕಾಲುಚೀಲದಲ್ಲಿ ತುದಿಗಾಲ ಮೇಲೆ ಓಡಾಡುತ್ತಿದ್ದರು. ಒಬ್ಬರ ಹೆಬ್ಬೆರಳಂತೂ ಪೂರ್ತಿ ಹೊರಗಿತ್ತು.

ಕಾವಲುಗಾರ ಬಂದು ಇದು ಯಾರ ಕೆಲಸವೆಂದು ಕೇಳಿದ. ಎಲ್ಲರೂ ಮಾಮಾನನ್ನು ತೋರಿಸಿದರು. ಅಷ್ಟರಲ್ಲಿ ಬಿಳಿ ಕೂದಲಿನ ಗ್ರೀಕ್ ವಿದುಷಿಯೊಬ್ಬರು ಮುಂದೆ ಬಂದು, “ಇವು ಪೂಜೆ ಪಡೆದ ಚಿತ್ರಗಳು, ಇವರೊಬ್ಬರಿಗೆ ಮಾತ್ರ ಅದು ನೆನಪಿದೆ” ಎಂದು ಇಂಗ್ಲಿಷಿನಲ್ಲಿ ಹೇಳಿ ಮಾಮಾನ ಕೈ ಕುಲುಕಿದರು. ಮಾಮಾ ಕೈ ಬಿಡಲಿಲ್ಲ. ನಿಮ್ಮ ಹಾಡಿಗೆ ಶ್ರುತಿ ಯಾವುದು, ಹಿಡಿಯುವವರು ಯಾರು ಎಂದು ಶುರುಮಾಡಿದರು. ಆಕೆ ಸಂತೋಷದಿಂದ ವಿವರಿಸಿದರು: ವಾದ್ಯವಿಲ್ಲ, ಎಲ್ಲವೂ ಕಂಠವೇ. ಮುಖ್ಯ ಗಾಯಕರು ಹಾಡುವಾಗ ಕೆಲವರು ಒಂದೇ ಸ್ವರವನ್ನು ಕೊನೆಯವರೆಗೂ ಹಿಡಿದು ನಿಲ್ಲುತ್ತಾರೆ.

ಮಾಮಾನ ಕಣ್ಣು ಅಗಲವಾಯಿತು. ನನ್ನ ಕಡೆ ತಿರುಗಿ, “ಕೇಳಿದ್ಯಾ? ಅಲ್ಲೂ ನನ್ನಂಥಾವ್ರು ಇದ್ದಾರಂತ!” ಎಂದರು.

ಮಾಮಿ ಅಷ್ಟು ಹೊತ್ತೂ ಚಿನ್ನದ ಬಣ್ಣದ ತಾಯಿಯೊಬ್ಬಳ ಎದುರು ಕೂತಿದ್ದರು. ಅವರು ನೋಡುತ್ತಿದ್ದುದು ಚಿತ್ರದ ಪಕ್ಕದ ಖಾಲಿ ಗೋಡೆಯನ್ನು.

ಭಾನುವಾರ ಸಂಜೆ ವಿಶ್ವವಿದ್ಯಾಲಯದ ಚರ್ಚಿನಲ್ಲಿ ಗಾಯನ. ಗ್ರೀಕ್ ವಿದುಷಿ ನಮಗಾಗಿ ಮುಂದಿನ ಸಾಲಿನಲ್ಲಿ ಜಾಗ ಹಿಡಿದಿದ್ದರು. ಸಾಲಿನ ಕೊನೆಗೆ ಮಾಮಿಯ ಗಾಲಿಕುರ್ಚಿ, ಅವರ ಎಡಗಡೆ ಅಭ್ಯಾಸದಂತೆ ಮಾಮಾ, ಆಮೇಲೆ ನಾನು. ಕಪ್ಪು ನಿಲುವಂಗಿಯ ಗಂಡಸರು ಬಂದು ನಿಂತರು. ಅವರಲ್ಲಿ ಮೂವರು ಬಾಯಿ ತೆರೆದು ಒಂದೇ ಸ್ವರ ಹಿಡಿದರು. ಅದರ ಮೇಲೆ ಇನ್ನೊಬ್ಬ ಮೆಲ್ಲಗೆ ಹಾಡತೊಡಗಿದ. ನನಗೆ ಒಂದು ಪದವೂ ತಿಳಿಯಲಿಲ್ಲ, ಆದರೂ ಯಾರೋ ಸತ್ತ ಮನೆಯಲ್ಲಿ ಕೂತ ಹಾಗೆ ಎದೆ ಭಾರವಾಯಿತು.

ಮಾಮಾ ಸುಮ್ಮನಿರುವ ಗಿರಾಕಿಯೇ? ಮೊದಲು “ಆಹಾ!” ಎಂದರು. ನಾನು ಮೊಣಕೈಯಿಂದ ತಿವಿದೆ. ಆಮೇಲೆ “ಭಲೇ!” ಎಂದರು. ಹಿಂದಿನ ಸಾಲಿನವರು ಕೆಮ್ಮಿದರು. ಕೊನೆಗೆ ಕಣ್ಣು ಮುಚ್ಚಿಕೊಂಡು ಆ ಮೂವರ ಜೊತೆ ತಾವೂ ನಾಲ್ಕನೆಯವರಾಗಿ ಸ್ವರ ಹಿಡಿದೇಬಿಟ್ಟರು!

“ಮಾಮಾ, ಎಲ್ಲಾರೂ ನೋಡ್ಲಿಕತ್ತಾರ,” ಎಂದು ಪಿಸುಗುಟ್ಟಿದೆ.

ಅವರಿಗೆ ಕೇಳಿಸಲೇ ಇಲ್ಲ. ವಯಸ್ಸಾದ ಗಂಟಲು, ಎಷ್ಟು ಹೊತ್ತು ನಿಂತೀತು? ಒಂದೆರಡು ನಿಮಿಷಕ್ಕೆ ದನಿ ನಡುಗಿತು, ಕೂದಲೆಳೆಯಷ್ಟು ಇಳಿಯಿತು. ನನಗೆ ನಾಚಿಕೆಯಿಂದ ನೆಲದೊಳಗೆ ಹೋಗಬೇಕೆನಿಸಿತು.

“ಅಯ್ಯಯ್ಯೋ!”

ಮಾಮಾ ಕೂಗಿದ ರಭಸಕ್ಕೆ ಇಡೀ ಚರ್ಚು ತಿರುಗಿತು. ಹಾಡುತ್ತಿದ್ದವನೂ ಒಂದು ಕ್ಷಣ ನಿಂತ. ಸ್ವರ ಹಿಡಿದಿದ್ದ ಆ ಮೂವರು ಮಾತ್ರ ಬಿಡಲಿಲ್ಲ. ನಾನು ಮಾಮಾನ ಮುಖ ನೋಡಿದೆ. ಕಣ್ಣಲ್ಲಿ ಧಾರಾಕಾರ ನೀರು. ಕೆಳಗೆ ನೋಡಿದೆ. ಮಾಮಿಯ ಎಡಗೈ ಕುರ್ಚಿಯ ಹಿಡಿಯನ್ನು ದಾಟಿ ಬಂದು ಮಾಮಾನ ಬಲ ಮೊಣಕಾಲನ್ನು ಹಿಡಿದಿತ್ತು.

“ಚೂಟಿದ್ಲು,” ಎಂದರು ಮಾಮಾ, ಚಿಕ್ಕ ಹುಡುಗನ ದನಿಯಲ್ಲಿ. “ಸ್ವರ ಇಳೀತು ಅಂತ ಚೂಟಿದ್ಲು ನೋಡವಾ!”

ಮಾಮಿ ಎದುರಿನ ಗೋಡೆಯನ್ನೇ ನೋಡುತ್ತಿದ್ದರು. ನಾನು ಪರ್ಸಿನಲ್ಲಿ ಟಿಶ್ಯೂ ಹುಡುಕಿದೆ, ಸಿಗಲಿಲ್ಲ.

ಮನೆಗೆ ಬಂದ ಮೇಲೆ ಮಾಮಾ ಪ್ಯಾಂಟು ಮಡಚಿ ಆ ಕೆಂಪು ಗುರುತನ್ನು ತೋರಿಸಿದರು. ಥೆರಪಿಸ್ಟಿಗೂ ತೋರಿಸಿದರು. ಸ್ನಾಯು ತಾನಾಗಿ ಹಿಡಿದುಕೊಂಡಿರಬಹುದು, ಹಾಗೆ ಆಗುವುದುಂಟು, ಬಹಳ ಆಸೆ ಇಟ್ಟುಕೊಳ್ಳಬೇಡಿ ಎಂದು ಆಕೆ ಮೃದುವಾಗಿ ಹೇಳಿದಳು. ಮಾಮಾ ವಾದಿಸಲಿಲ್ಲ. ಅದು ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಗುರುತು ನಾಲ್ಕು ದಿನಕ್ಕೆ ಮಾಸಿತು. ಮಾಮಿಯ ಕೈ ಮತ್ತೆ ಏಳಲಿಲ್ಲ. ಸಮ್ಮೇಳನ ಮುಗಿದು ವಿದ್ವಾಂಸರೆಲ್ಲ ತಂತಮ್ಮ ದೇಶಕ್ಕೆ ಹೋದರು.

ಒಂದು ತಿಂಗಳಾದ ಮೇಲಿನ ಒಂದು ಶನಿವಾರ ಹೇಳಿದ್ದಕ್ಕಿಂತ ಮುಂಚೆಯೇ ಹೋದೆ. ಬಾಗಿಲು ತೆರೆದೇ ಇತ್ತು. ಅಡಿಗೆಮನೆಯಿಂದ ಮಾಮಾ ಗುನುಗುತ್ತಿದ್ದುದು ಕೇಳಿಸಿತು. ಫ್ರಿಜ್ಜು ಕರಿ ನಾಲ್ಕರಲ್ಲಿ ನಿಂತಿತ್ತು. ಮಾಮಾ ಅದಕ್ಕಿಂತ ಕೆಳಗಿದ್ದರು. ಅಷ್ಟು ಕೆಟ್ಟದಾಗಿ ಅವರು ಹಾಡಿದ್ದನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಒಳಗೆ ಹೋಗಿ ನೋಡಿದರೆ ಮಾಮಿಯ ಎಡಗಡೆ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಬಲಗಾಲಿನ ಪ್ಯಾಂಟು ತೊಡೆಯವರೆಗೆ ಮಡಚಿದೆ. ಮೊಣಕಾಲಿನ ಮೇಲೆ ಮಾಮಿಯ ಕೈಯನ್ನು ಎತ್ತಿ ಇಟ್ಟುಕೊಂಡಿದ್ದಾರೆ.

“ಮಾಮಾ, ಸ್ವರ ಇಳದದ ಅಲಾ?”

“ಗೊತ್ತದವಾ. ಬೇಕಂತ ಇಳಿಸೀನಿ,” ಎಂದರು ನನ್ನ ಕಡೆ ನೋಡದೆ. “ಸರಿಯಾಗಿ ಹಾಡಿದ್ರ ಅಕಿ ಯಾಕ ಚೂಟ್ತಾಳ?”

ನಾನು ವ್ಯಾನಿನ ಕೀಲಿಯನ್ನು ಮೇಜಿನ ಮೇಲಿಟ್ಟೆ. ಇನ್ನೊಂದು ಕುರ್ಚಿ ಎಳೆದುಕೊಂಡು ಮಾಮಾನ ಪಕ್ಕದಲ್ಲಿ ಕೂತು ನಾನೂ ಶುರುಮಾಡಿದೆ. ಅಪಸ್ವರ ಹಾಡಲು ನನಗೆ ಪ್ರಯತ್ನವೇನೂ ಬೇಕಿಲ್ಲ! ಮಾಮಿಯ ಬೆರಳುಗಳು ಇಟ್ಟ ಹಾಗೇ ಇದ್ದವು. ಅವುಗಳನ್ನೇ ನೋಡುತ್ತ ನಾವಿಬ್ಬರೂ ಸ್ವರವನ್ನು ಇನ್ನಷ್ಟು ಇಳಿಸಿದೆವು.