ಬಾಗಿದ ಕೊಳವೆಯೂ ಬಿಹಾರದ ಪ್ರಸಾದರೂ

ಹೊಟ್ಟೆಪಾಡಿಗೆ ನಾನು ಏನು ಮಾಡುತ್ತೇನೆ ಎಂಬುದನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಲು ನನಗೆ ಇಂದಿಗೂ ಬಂದಿಲ್ಲ. ಕೆಲವರ ಉದ್ಯೋಗಗಳು ಎಷ್ಟು ಚೊಕ್ಕಟವಾಗಿರುತ್ತವೆ ನೋಡಿ: ಡಾಕ್ಟರು, ಮೇಷ್ಟ್ರು, ಬ್ಯಾಂಕು. ಕೇಳಿದವರು ತಲೆಯಾಡಿಸಿ ಮುಂದಿನ ಮಾತಿಗೆ ಹೋಗುತ್ತಾರೆ. ದೆಹಲಿಯ ಕನ್ನಡಿಗರಲ್ಲಂತೂ ಇದು ಇನ್ನೂ ಸುಲಭ. ಇಲ್ಲಿ ಹೊಸಬರು ಸಿಕ್ಕರೆ ಯಾರೂ "ಏನು ಕೆಲಸ?" ಎಂದು ಕೇಳುವುದಿಲ್ಲ, "ಯಾವ ಮಿನಿಸ್ಟ್ರಿ?" ಎಂದೇ ಕೇಳುತ್ತಾರೆ. ಎರಡನೆಯ ಪ್ರಶ್ನೆ ಸರ್ಕಾರಿ ಕ್ವಾರ್ಟರ್ಸ್ ಯಾವ ಟೈಪಿನದು ಎಂಬುದು. ಅಷ್ಟು ಹೇಳಿಬಿಟ್ಟರೆ ನಿಮ್ಮ ಜಾತಕ ಪೂರ್ತಿಯಾದಂತೆ. ನನಗೆ ಮಿನಿಸ್ಟ್ರಿಯೂ ಇಲ್ಲ, ಕ್ವಾರ್ಟರ್ಸೂ ಇಲ್ಲ. ನಾನು ಬಾಯ್ಲರ್ ಕೊಳವೆಗಳ ಒಳಗನ್ನು, ಅದರಲ್ಲೂ ಬಾಗಿದ ಕೊಳವೆಗಳ ಒಳಗನ್ನು, ಕೆರೆದು ಶುಚಿ ಮಾಡುವ ಉಪಕರಣಗಳನ್ನು ಮಾರುವವನು.

ಒಮ್ಮೆ ಆರ್.ಕೆ.ಪುರಂನಲ್ಲಿ ಪರಿಚಯದವರ ಮನೆಯ ಸತ್ಯನಾರಾಯಣ ಪೂಜೆಗೆ ಹೋಗಿದ್ದೆ. ಪಕ್ಕದಲ್ಲಿ ಕೂತಿದ್ದ ಹಿರಿಯ ಅಧಿಕಾರಿಯೊಬ್ಬರು ಯಥಾಪ್ರಕಾರ ಮಿನಿಸ್ಟ್ರಿ ವಿಚಾರಿಸಿದರು. ನಾನು ಉತ್ಸಾಹದಿಂದ ಬಾಯ್ಲರು, ಉಗಿ, ನೀರು, ಕೊಳವೆ ಎಂದು ಆರಂಭಿಸಿ, ಕೊಳವೆಯೊಳಗೆ ಹೇಗೆ ಹಕ್ಕಳೆ ಕಟ್ಟುತ್ತದೆ ಎನ್ನುವಲ್ಲಿಗೆ ಬಂದಿದ್ದೆ. ಅವರು ಸಪಾದಭಕ್ಷ್ಯವನ್ನು ಬಾಯಿಗೆ ಹಾಕಿಕೊಂಡು, "ಅಚ್ಛಾ ಅಚ್ಛಾ, ಹಾಗಾದ್ರೆ ಪೂಜೆ ಮುಗಿದ ಮೇಲೆ ನಮ್ಮನೆಗೆ ಬನ್ನಿ, ಬಾತ್‌ರೂಮಿನ ನೀರು ಹೋಗ್ತಾನೇ ಇಲ್ಲ" ಎಂದರು. ಇದರಲ್ಲಿ ಅವಮಾನವೇನೂ ಇಲ್ಲ. ಅವಮಾನವಾದದ್ದು ನಾನು ನಿಜವಾಗಿಯೂ ಹೋಗಿ, ಪ್ಯಾಂಟು ಮಡಚಿ ಒಂದು ಗಂಟೆ ಒದ್ದಾಡಿ, ನೀರನ್ನು ಮೊದಲಿಗಿಂತ ಹೆಚ್ಚು ಕಟ್ಟಿಸಿ ಬಂದದ್ದಕ್ಕೆ. ನನ್ನ ಮಗಳು ಅನುವಿಗೆ ಈ ಕಥೆ ಹೇಗೋ ತಿಳಿದುಬಿಟ್ಟಿತು. ಅಂದಿನಿಂದ ಅವಳ ಗೆಳತಿಯರು ಮನೆಗೆ ಬಂದಾಗಲೆಲ್ಲ, "ಪಪ್ಪಾ, ಪ್ಲೀಸ್, ಅವರ ಮುಂದೆ ಪೈಪ್ ಕೀ ಬಾತ್ ಮತ್ ಕರ್ನಾ" ಎಂದು ನನ್ನನ್ನು ಮೊದಲೇ ಬೇಡಿಕೊಳ್ಳುತ್ತಾಳೆ.

ಆದರೂ ಹೇಳದೆ ಇರಲಾರೆ. ನೀವೇನೂ ನನ್ನ ಮಗಳ ಗೆಳತಿಯರಲ್ಲವಲ್ಲ. ದೆಹಲಿಯ ಗಡಸು ನೀರನ್ನು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕೂರುವುದನ್ನು ನೀವು ಕಂಡಿರುತ್ತೀರಿ. ಬಾಯ್ಲರ್ ಕೊಳವೆಯೊಳಗೂ ಅದೇ ಆಗುವುದು. ಪದರ ದಪ್ಪವಾದಷ್ಟೂ ಬೆಂಕಿಯ ಶಾಖ ನೀರಿಗೆ ತಲುಪುವುದಿಲ್ಲ, ಕೊಳವೆ ತಾನೇ ಕಾದು ಕೊನೆಗೊಂದು ದಿನ ಒಡೆಯುತ್ತದೆ. ನೇರ ಕೊಳವೆಯಾದರೆ ಉದ್ದನೆಯ ಬ್ರಷ್ಷು ತೂರಿಸಿ ಉಜ್ಜಬಹುದು. ಬಾಗಿದ ಕೊಳವೆಗೆ ಆ ಉಪಾಯ ನಡೆಯದು. ಅದಕ್ಕೆಂದೇ ನಮ್ಮಲ್ಲಿ ಒಂದು ಯಂತ್ರವಿದೆ: ರಬ್ಬರ್ ಪೈಪಿನ ತುದಿಗೆ ಹೆಬ್ಬೆರಳಿನ ಗಾತ್ರದ, ಗಾಳಿಯಿಂದ ತಿರುಗುವ ಮೋಟಾರು. ಅದರ ಮುಂದೆ ಎತ್ತ ಬೇಕಾದರತ್ತ ಹೊರಳುವ ಕೀಲು, ಕೀಲಿನ ಮುಂದೆ ಹಲ್ಲಿರುವ ಪುಟ್ಟ ಚಕ್ರಗಳು. ಒಳಗೆ ಬಿಟ್ಟರೆ ತಿರುವು ಬಂದಲ್ಲಿ ತಾನೂ ತಿರುಗಿ, ಹಕ್ಕಳೆಯನ್ನು ಕೆರೆಯುತ್ತ ಸಾಗುತ್ತದೆ. ಜೊತೆಗೆ ನೀರನ್ನೂ ಹರಿಸಿದರೆ ಕೆರೆದದ್ದೆಲ್ಲ ಕೊಚ್ಚಿಕೊಂಡು ಆಚೆ ಬರುತ್ತದೆ. ಮದುವೆಯಾದ ಹೊಸತರಲ್ಲಿ ಇದನ್ನು ವಸಂತಿಗೆ ಅರ್ಧ ದಿನ ವಿವರಿಸಿದ್ದೆ. ಅವಳು ಆಸಕ್ತಿಯಿಂದ ಕೇಳಿದಳು. ಈಗ ಕೇಳಿದರೆ ತನಗೆ ಅಂಥದ್ದೊಂದು ನೆನಪೇ ಇಲ್ಲ ಎನ್ನುತ್ತಾಳೆ.

ಜನಕಪುರಿಯ ನಮ್ಮ ಪುಟ್ಟ ಆಫೀಸಿನ ಯಜಮಾನರು ಖನ್ನಾ ಸಾಹೇಬರು. ಆ ವರ್ಷ ಅವರು ನನ್ನ ಕೊರಳಿಗೆ ಗ್ರೇಟರ್ ನೋಯ್ಡಾದ ಒಂದು ಕಾಗದದ ಕಾರ್ಖಾನೆಯನ್ನು ಕಟ್ಟಿದ್ದರು. ಅಲ್ಲಿನ ಬಾಯ್ಲರ್ ವಿಭಾಗದ ಮುಖ್ಯಸ್ಥರು ಪ್ರಸಾದ್ ಎಂಬುವರು. ಅಚ್ಚ ಹಿಂದಿ, ದಪ್ಪ ಮೀಸೆ, ಹೆಸರು ಪ್ರಸಾದ್. ಇವರು ಬಿಹಾರದವರು ಎಂದು ನಾನು ಮೊದಲ ದಿನವೇ ತೀರ್ಮಾನಿಸಿಬಿಟ್ಟೆ. ಯಾರನ್ನೂ ಕೇಳುವ ಅಗತ್ಯ ನನಗೆ ಕಾಣಲಿಲ್ಲ. ಜನರನ್ನು ನೋಡಿದ ಕೂಡಲೇ ಊರು ಹೇಳುವ ಶಕ್ತಿ ನನಗಿದೆ ಎಂದು ನಾನು ಬಹಳ ಕಾಲದಿಂದ ನಂಬಿಕೊಂಡು ಬಂದಿದ್ದೇನೆ. ಪ್ರಸಾದರು ಆರ್ಡರು ಕೊಡುತ್ತೇನೆ ಎನ್ನಲಿಲ್ಲ, ಕೊಡುವುದಿಲ್ಲ ಎಂದೂ ಅನ್ನಲಿಲ್ಲ. "ಅಗಲೇ ಹಫ್ತೇ ಆಯಿಯೇ, ಮೂರ್ತಿ ಜೀ" ಎನ್ನುತ್ತಿದ್ದರು. ಮುಂದಿನ ವಾರ ನನ್ನ ಹಳೆಯ ಕಾರಿನಲ್ಲಿ ಊರ ಈ ತುದಿಯಿಂದ ಆ ತುದಿಗೆ, ಅಲ್ಲಿಂದ ಯಮುನೆ ದಾಟಿ, ಖಾಲಿ ಅಪಾರ್ಟ್‌ಮೆಂಟುಗಳ ಸಾಲನ್ನೂ ದಾಟಿ ಹೋದರೆ, ಚಹಾ ಕುಡಿಸಿ, ಮೀಸೆ ತೀಡಿಕೊಂಡು, ಮತ್ತೆ "ಅಗಲೇ ಹಫ್ತೇ." ಹೀಗೆ ತಿಂಗಳುಗಳೇ ಕಳೆದವು.

ಇಲ್ಲಿ ದೆಹಲಿ ಕನ್ನಡಿಗರ ಒಂದು ಸುಖದ ಬಗ್ಗೆ ಹೇಳಬೇಕು. ನಾವು ಯಾರ ಎದುರಿಗೆ ಬೇಕಾದರೂ, ಎಷ್ಟು ಗಟ್ಟಿಯಾಗಿ ಬೇಕಾದರೂ, ಅವರ ಬಗ್ಗೆಯೇ ಕನ್ನಡದಲ್ಲಿ ಮಾತಾಡಬಹುದು. ತರಕಾರಿ ಭಯ್ಯಾನ ಮುಂದೆಯೇ "ಕೊಳೆತದ್ದನ್ನ ಕೆಳಗೆ ಹಾಕಿದ್ದಾನೆ, ಬಾ ಹೋಗೋಣ" ಎನ್ನಬಹುದು. ಬಸ್ಸಿನಲ್ಲಿ ಎದುರು ಕೂತವರ ಟೋಪಿಯನ್ನು ವಿಮರ್ಶಿಸಬಹುದು. ಊರಿಗೆ ಹೋದಾಗ ಈ ಚಾಳಿ ಬಿಡದೆ ನಾವು ಪೆಟ್ಟು ತಿನ್ನುವುದು ಸ್ವಲ್ಪದರಲ್ಲಿ ತಪ್ಪಿದ್ದೂ ಉಂಟು. ಪ್ರಸಾದರ ಕೋಣೆಯಲ್ಲಿ ಕೂತಾಗಲೆಲ್ಲ ವಸಂತಿಯ ಫೋನು ಬರುತ್ತಿತ್ತು, ನಾನು ಧಾರಾಳವಾಗಿ ಮಾತಾಡುತ್ತಿದ್ದೆ. "ಇಲ್ಲೇ ಇದ್ದೀನಿ ಕಣೇ, ಆ ಮಹಾನುಭಾವನ ಎದುರಿಗೆ. ಎಮ್ಮೆ ಮೇಲೆ ಮಳೆ ಸುರಿದ ಹಾಗೆ ಕೂತಿದ್ದಾನೆ. ಇವನು ಮೂಗಿನ ಕೂದಲು ಕತ್ತರಿಸೋಕೂ ಮೂರು ಕೊಟೇಶನ್ ಕರೆಯೋ ಪೈಕಿ." ಹೀಗೆಂದು ಪ್ರಸಾದರತ್ತ ನೋಡಿ ವಿನಯದಿಂದ ನಕ್ಕು, "ಮೇರಿ ವೈಫ್, ಸರ್" ಎನ್ನುತ್ತಿದ್ದೆ. ಅವರೂ ವಿನಯದಿಂದ ನಗುತ್ತಿದ್ದರು. ವಾರ ಕಳೆದಂತೆ ನನ್ನ ಬೈಗುಳಗಳಲ್ಲಿ ಕಸುಬುದಾರಿಕೆ ಕೂಡಿ ಬರತೊಡಗಿತು. ಕಾರು ಓಡಿಸುವಾಗಲೇ ಒಂದೆರಡನ್ನು ಹೊಸದಾಗಿ ಹೊಸೆದು ಇಟ್ಟುಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಖನ್ನಾ ಸಾಹೇಬರ ತಾಳ್ಮೆ ತೀರಿತು. "ಮೂರ್ತಿ ಜೀ, ಯೇ ಆರ್ಡರ್ ನಹೀಂ ಆಯಾ ತೋ ಆಪ್ ಲುಧಿಯಾನಾ ಸಂಭಾಲಿಯೇ" ಎಂದು ವರ್ಗದ ಮಾತೆತ್ತಿಬಿಟ್ಟರು. ಅನು ಒಂಬತ್ತನೇ ಕ್ಲಾಸು. ವಸಂತಿಗೆ ಎಷ್ಟೋ ವರ್ಷ ಅಲೆದ ಮೇಲೆ ಹತ್ತಿರದ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತ್ತು. ಈಗ ಗಂಟುಮೂಟೆ ಕಟ್ಟು ಎಂದರೆ ಮನೆಯಲ್ಲಿ ನನ್ನ ಗಂಟನ್ನು ಮಾತ್ರ ಕಟ್ಟಿ ಕಳಿಸುತ್ತಾರೆ ಎಂಬುದು ನನಗೆ ಗೊತ್ತಿತ್ತು. ಆ ಶನಿವಾರ ಸಂಜೆಯೇ ಪ್ರಸಾದರ ಫೋನು ಬಂತು: ಸೋಮವಾರ ಬನ್ನಿ, ನಿಮ್ಮ ಯಂತ್ರ ಬಾಗಿದ ಕೊಳವೆಯಲ್ಲಿ ಹೇಗೆ ಕೆಲಸ ಮಾಡುತ್ತದೋ ತೋರಿಸಿ.

ಓಡುತ್ತಿರುವ ಬಾಯ್ಲರನ್ನು ನಮ್ಮ ಪ್ರದರ್ಶನಕ್ಕೆಂದು ಯಾರೂ ನಿಲ್ಲಿಸುವುದಿಲ್ಲ. ಆದ್ದರಿಂದ ಒಂದು ಬಾಗಿದ ಕೊಳವೆಯ ತುಂಡಿಗೆ ಒಳಗಡೆ ಪ್ಲಾಸ್ಟರ್ ಮೆತ್ತಿ ಒಣಗಿಸಿ, ಅದೇ ಹಕ್ಕಳೆ ಎಂದುಕೊಂಡು ಕೆರೆದು ತೋರಿಸುವುದು ನಮ್ಮ ಪದ್ಧತಿ. ಕೊಳವೆ ನನ್ನ ಕಾರಿನ ಡಿಕ್ಕಿಯಲ್ಲಿತ್ತು. ಪ್ಲಾಸ್ಟರು ಬೀಗ ಹಾಕಿದ ಆಫೀಸಿನಲ್ಲಿತ್ತು. ಬೀಗದ ಕೈ ಖನ್ನಾ ಸಾಹೇಬರ ಜೊತೆ ಹರಿದ್ವಾರಕ್ಕೆ ಹೋಗಿತ್ತು. ಅಂಗಡಿಯಲ್ಲಿ ಕೊಳ್ಳಬಹುದಿತ್ತಲ್ಲ ಎಂದು ಈಗ ನೀವು ಕೇಳುತ್ತೀರಿ. ಆಗ ನೀವಿರಲಿಲ್ಲ, ನಾನೊಬ್ಬನೇ ಇದ್ದೆ, ನನಗೆ ಹೊಳೆಯಲಿಲ್ಲ. ನನಗೆ ಹೊಳೆದದ್ದು ಸಿಂಕಿನಲ್ಲಿ ಕೂತಿದ್ದ ಮುದ್ದೆಯ ಪಾತ್ರೆ. ಭಾನುವಾರ ಪಾತ್ರೆ ತೊಳೆಯುವ ಪಾಳಿ ನನ್ನದು. ಒಣಗಿದ ರಾಗಿ ಉಗುರಿಗೂ ಬಗ್ಗದೆ ಕೂತಿರುವುದನ್ನು ನೋಡುತ್ತಿದ್ದಂತೆ, ಇದಕ್ಕಿಂತ ಒಳ್ಳೆಯ ಹಕ್ಕಳೆ ಪ್ರಪಂಚದಲ್ಲಿ ಇನ್ನೊಂದಿಲ್ಲ ಎನಿಸಿತು. ಡಬ್ಬದಲ್ಲಿದ್ದ ಹಿಟ್ಟನ್ನೆಲ್ಲ ಗಟ್ಟಿಯಾಗಿ ಬೇಯಿಸಿ ಕೊಳವೆಯೊಳಗೆ ಮೆತ್ತಿ ತಾರಸಿಯ ಮೇಲಿಟ್ಟೆ. ಮೇ ತಿಂಗಳ ಬಿಸಿಲು, ಮೇಲೆ ಸುಡುವ ಲೂ ಗಾಳಿ. ಸಂಜೆಗೆ ಅದು ಇಟ್ಟಿಗೆಯಾಗಿತ್ತು.

"ರೀ, ಡಬ್ಬದಲ್ಲಿದ್ದ ರಾಗಿಹಿಟ್ಟು ಎಲ್ಲಿ?" ಎಂದು ವಸಂತಿ ಅಡುಗೆಮನೆಯಿಂದ ಕೂಗಿದಳು.

"ಕೊಳವೆಯೊಳಗಿದೆ" ಎಂದೆ.

ಆ ಹಿಟ್ಟು ತುಮಕೂರಿನಿಂದ ಅವಳ ಅಣ್ಣ ರೈಲಿನಲ್ಲಿ ಹೊತ್ತು ತಂದದ್ದು. ಮುಂದೆ ನಡೆದ ಮಾತುಕತೆಯನ್ನು ಬರೆಯುವುದಿಲ್ಲ.

ಸೋಮವಾರ ಕಾರ್ಖಾನೆಯ ವರ್ಕ್‌ಶಾಪಿನಲ್ಲಿ ಪ್ರಸಾದರೂ ಅವರ ಐದಾರು ಜನರೂ ಸುತ್ತ ನಿಂತರು. ನಾನು ಭಾಷಣ ಮುಗಿಸಿ ಗಾಳಿ ಬಿಟ್ಟೆ. ಯಂತ್ರ ಝುಂಯ್ ಎಂದು ಒಳಗೆ ನುಗ್ಗಿತು, ತಿರುವಿನ ತನಕ ಹೋಯಿತು, ನಿಂತಿತು. ಹಿಂದಕ್ಕೆ ಎಳೆದು ಮತ್ತೆ ನೂಕಿದೆ. ಗೊರಗೊರ ಎಂದು ಮತ್ತೆ ನಿಂತಿತು. ದೊಡ್ಡ ದೊಡ್ಡ ಕಾರ್ಖಾನೆಗಳ ಹಕ್ಕಳೆಯನ್ನು ಪುಡಿ ಮಾಡಿದ ಯಂತ್ರ ನನ್ನ ಹೆಂಡತಿಯ ರಾಗಿಯ ಮುಂದೆ ಮಂಡಿಯೂರಿತು. ನನಗೆ ಕಣ್ಣೆದುರು ಲುಧಿಯಾನ ಕಾಣತೊಡಗಿತು. ಒಂದೇ ಸಮನೆ ನೂಕುತ್ತಿದ್ದಂತೆ ಕೊಳವೆಯ ಬಾಯಿಂದ ಸಣ್ಣಗೆ ಹೊಗೆ ಎದ್ದಿತು. ಹೊಗೆಯ ಜೊತೆ ಘಮ್ಮೆಂದು ಹುರಿದ ರಾಗಿಯ ವಾಸನೆ ವರ್ಕ್‌ಶಾಪು ತುಂಬ ಹರಡಿತು. "ಅರೇ, ಕುಛ್ ಪಕ್ ರಹಾ ಹೈ ಕ್ಯಾ?" ಎಂದು ಯಾರೋ ಕೇಳಿದರು. ಪ್ರಸಾದರು ಮೂಗು ಮೇಲೆತ್ತಿ ವಾಸನೆ ಎಳೆದುಕೊಂಡರು. ಆಮೇಲೆ ನಿಧಾನವಾಗಿ ನನ್ನ ಹತ್ತಿರ ಬಂದರು.

"ನೀರು ಬಿಡ್ರೀ ಮೂರ್ತಿಯವ್ರೇ. ರಾಗಿ ಪಾತ್ರೇನ ನೆನೆಸದೆ ಯಾರಾದ್ರೂ ತಿಕ್ಕೋಕೆ ಹೋಗ್ತಾರೇನ್ರೀ?"

ನೀರು! ಗಾಬರಿಯಲ್ಲಿ ನೀರಿನ ಪೈಪನ್ನು ಜೋಡಿಸಿಯೇ ಇರಲಿಲ್ಲ. ಛೆ, ಎಂಥ ಮರೆವು ಎಂದು ಹಣೆ ಬಡಿದುಕೊಂಡು ಓಡಿಹೋಗಿ ಜೋಡಿಸಿ ನಲ್ಲಿ ತಿರುಗಿಸಿದೆ. ಅವರು ಮಾತಾಡಿದ್ದು ಕನ್ನಡ ಎಂಬುದು ನನ್ನ ತಲೆಗೆ ಹೋದದ್ದು ನಲ್ಲಿ ತಿರುಗಿಸಿದ ಮೇಲೆ. ಅದರ ಹಿಂದೆಯೇ ಎಮ್ಮೆ, ಮಳೆ, ಮೂಗಿನ ಕೂದಲು, ಮೂರು ಕೊಟೇಶನ್, ಎಲ್ಲವೂ ಸಾಲುಗಟ್ಟಿ ಬಂದವು. ಯಂತ್ರ ಈಗ ಸಲೀಸಾಗಿ ತಿರುವು ದಾಟಿ ಆಚೆ ತುದಿಯಲ್ಲಿ ಮುಖ ತೋರಿಸಿತು, ಅಂಬಲಿಯಂಥ ನೀರು ಧಾರಾಕಾರವಾಗಿ ಸುರಿಯಿತು, ಜನ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಆ ಕೊಳವೆಯೊಳಗೇ ತೂರಿಕೊಂಡು ಮಾಯವಾಗಬೇಕು ಎನಿಸಿತ್ತು.

ಕೋಣೆಗೆ ಬಂದು ಬಾಗಿಲು ಹಾಕಿದ ಮೇಲೆ ತಲೆ ತಗ್ಗಿಸಿಯೇ ಕೇಳಿದೆ. "ಸಾರ್, ನೀವು ಬಿಹಾರದವರಲ್ವಾ?"

"ಚನ್ನರಾಯಪಟ್ಟಣ ಕಣ್ರೀ."

"ಮೊದಲ್ನೇ ದಿನದಿಂದಾನೂ ನಿಮಗೆ ಎಲ್ಲಾ..."

"ಎಲ್ಲಾ ಅರ್ಥ ಆಗ್ತಿತ್ತು. ಆ ಮೂರು ಕೊಟೇಶನ್ ಮಾತು ಬಹಳ ಚೆನ್ನಾಗಿತ್ತು. ಮನೆಗೆ ಹೋಗಿ ಕನ್ನಡಿ ನೋಡ್ಕೊಂಡೆ."

ಕ್ಷಮೆ ಕೇಳಲು ಎದ್ದು ನಿಂತೆ. ಅವರು ಕೈಸನ್ನೆಯಲ್ಲೇ ಕೂರಿಸಿದರು. ಓದು ಮುಗಿದ ಮೇಲೆ ಕಾನ್ಪುರಕ್ಕೆ ಬಂದವರಂತೆ, ಹೆಂಡತಿ ಲಖ್ನೋದವರು, ಅಲ್ಲಿನ ಬ್ಯಾಂಕಿನಲ್ಲಿ ಕೆಲಸ, ಮಕ್ಕಳದ್ದು ಹಿಂದಿಯೇ. ಇಲ್ಲಿ ಇವರೊಬ್ಬರೇ ಇರುವುದು. "ಅಮ್ಮ ಇದ್ದಾಗ ಪ್ರತಿ ಭಾನುವಾರ ಫೋನಲ್ಲಿ ಒಂದಿಷ್ಟು ಮಾತಾಡ್ತಿದ್ದೆ. ಅವರು ಹೋದ್ಮೇಲೆ ನನ್ನ ಕನ್ನಡಕ್ಕೆ ಗಿರಾಕೀನೇ ಇಲ್ಲ. ಅಷ್ಟರಲ್ಲಿ ನೀವು ಬಂದ್ರಿ, ಎದುರಿಗೆ ಕೂತು ಫೋನಲ್ಲಿ ಬೈಯೋಕೆ ಶುರು ಮಾಡಿದ್ರಿ. ನಮ್ಮೂರ ಕಟ್ಟೆ ಮೇಲೆ ಕೂತ ಹಾಗಾಯ್ತು. ನಾನೂ ಕನ್ನಡದೋನು ಅಂದಿದ್ರೆ ನೀವು ಬೈಯೋದು ನಿಲ್ಲಿಸ್ತಿದ್ರಿ. ಆರ್ಡರ್ ಕೊಟ್ಟಿದ್ರೆ ಬರೋದೇ ನಿಲ್ಲಿಸ್ತಿದ್ರಿ. ಅದಕ್ಕೇ ಮುಂದಿನ ವಾರ, ಮುಂದಿನ ವಾರ ಅಂದೆ. ಬಾಯ್ಲರ್ ಕ್ಲೀನ್ ಮಾಡಿಸೋ ಗಡುವು ಬಂದ್ಮೇಲೆ ಇನ್ನು ತಳ್ಳೋಕಾಗ್ಲಿಲ್ಲ. ನಿಮ್ಮ ಯಂತ್ರ ಒಳ್ಳೇದು ಅಂತ ನನಗೆ ಮೊದಲ ದಿನಾನೇ ಗೊತ್ತಿತ್ತು."

ನನಗೆ ನಾಚಿಕೆಯೂ ಆಯಿತು, ದುಃಖವೂ ಆಯಿತು. ಇಷ್ಟು ದಿನ ನನ್ನ ವಾಕ್ಚಾತುರ್ಯದಿಂದಲೇ ಈ ವ್ಯವಹಾರ ಇನ್ನೂ ಉಸಿರಾಡುತ್ತಿದೆ ಎಂದು ಖನ್ನಾ ಸಾಹೇಬರ ಮುಂದೆ ಜಂಬ ಕೊಚ್ಚಿಕೊಂಡಿದ್ದೆ. ಒಂದು ಲೆಕ್ಕಕ್ಕೆ ಅದು ಸುಳ್ಳೂ ಅಲ್ಲ. ಆರ್ಡರು ಆ ವಾರವೇ ಬಂತು, ಲುಧಿಯಾನ ದೂರವಾಯಿತು, ಖನ್ನಾ ಸಾಹೇಬರು ಪೇಡಾ ಹಂಚಿದರು. ನಾನು ಮಾತ್ರ ಗ್ರೇಟರ್ ನೋಯ್ಡಾಕ್ಕೆ ಹೋಗುವುದನ್ನು ಬಿಡಲಿಲ್ಲ. ಯಂತ್ರ ಹೇಗಿದೆ ಎಂದು ನೋಡುವ ನೆಪ ಇದ್ದೇ ಇತ್ತಲ್ಲ.

ಆದರೆ ಹೊಸ ಕಷ್ಟವೊಂದು ಹುಟ್ಟಿಕೊಂಡಿತು. ಈಗ ಅವರ ಎದುರು ನನಗೆ ಬೈಯಲು ಬಾಯೇ ಬರುವುದಿಲ್ಲ. "ತಾವು ಹೇಗಿದ್ದೀರಿ? ಹವೆ ಬಹಳ ಬಿಸಿಯಾಗಿದೆ" ಎಂದು ವಾರ್ತೆ ಓದುವವನ ಹಾಗೆ ಮಾತಾಡುತ್ತೇನೆ. ಪ್ರಸಾದರು ಕೆಲವು ವಾರ ಸಹಿಸಿಕೊಂಡು ಒಂದು ದಿನ ಹೇಳಿಯೇಬಿಟ್ಟರು: "ಮೊದಲಿನ ರುಚಿ ಇಲ್ಲ ಮೂರ್ತಿಯವ್ರೇ. ಮನೆಗೊಂದು ಫೋನ್ ಮಾಡಿ ನೋಡೋಣ." ನಾನು ಮಾಡಿದೆ. ಯಾರನ್ನಾದರೂ ಬೈಯಬೇಕೆಂದು ಬಾಯಿ ತೆರೆದೆ, ಹೊರಟದ್ದು ಮಾತ್ರ "ವಸಂತಿ, ನಾನು ಪ್ರಸಾದ್ ಅವರ ಕಚೇರಿಯಲ್ಲಿ ಕುಳಿತಿದ್ದೇನೆ" ಎಂಬ ಮಾತು. ಆ ಕಡೆಯಿಂದ ವಸಂತಿ ಶುರು ಮಾಡಿದಳು. "ಏನ್ರೀ ಬಂದಿದೆ ನಿಮಗೆ? ಕಚೇರಿಯಲ್ಲಿ ಕುಳಿತಿದ್ದೀರಂತೆ! ಗ್ಯಾಸ್ ಬುಕ್ ಮಾಡಿ ಅಂತ ಬೆಳಗ್ಗೆ ಬಡ್ಕೊಂಡೆ, ಮಾಡಿದ್ರಾ? ಅನು ಸ್ಕೂಲಲ್ಲಿ ಪೇರೆಂಟ್ಸ್ ಮೀಟಿಂಗು, ಹೋದ್ರಾ? ತಲೆ ಅನ್ನೋದು ನಿಮಗೆ ಬರೀ ಕ್ರಾಪ್ ಬಾಚೋಕೆ ಇರೋದು!" ಅವಳ ದನಿ ಫೋನಿನಾಚೆಗೂ ಕೇಳುತ್ತಿತ್ತು. ಪ್ರಸಾದರ ಮುಖ ಅರಳಿತು. ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಆ ಗುಂಡಿ ಒತ್ತಿ ಎಂದು ಸನ್ನೆ ಮಾಡಿದರು. ನಾನು ಸ್ಪೀಕರ್ ಹಾಕಿ ಫೋನನ್ನು ಮೇಜಿನ ನಡುವೆ ಇಟ್ಟೆ. ಅವರು ಇನ್ನೆರಡು ಚಹಾಕ್ಕೆ ಬೆಲ್ಲು ಒತ್ತಿ, ಕಣ್ಣು ಮುಚ್ಚಿ ಹಿಂದಕ್ಕೆ ಒರಗಿದರು. ವಸಂತಿ ಒಂದು ಗಳಿಗೆ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಳು. ಎಲ್ಲಿ ಮುಗಿಸಿಬಿಡುತ್ತಾಳೋ ಎಂದು ಹೆದರಿ ನಾನೇ ಮೆಲ್ಲಗೆ ಹೇಳಿದೆ: "ಅಂದಹಾಗೆ ಕಣೇ, ನಿಮ್ಮ ಅಣ್ಣನ ಟಿಕೆಟ್ ಮಾಡಿಸೋದೂ ಮರ್ತುಬಿಟ್ಟೆ."