ಸ್ಟೇಷನ್ ರಸ್ತೆಯಲ್ಲಿ ತೆರೆಯದ ಫೈಲುಗಳು

ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಸಭೆಯ ಪರದೆಯ ಮೇಲೆ ತೋರಿಸಬೇಕಾದ ಫೈಲು ಹಿಂದಿನ ದಿನ ಕೈಕೊಟ್ಟದ್ದನ್ನು ನಾನು ಈವರೆಗೆ ನೋಡಿಲ್ಲ. ಸಭೆಯ ದಿನವೇ, ಹೆಚ್ಚಾಗಿ ಅರ್ಧ ಗಂಟೆ ಇರುವಾಗ, ಅದು ಹಟ ಹಿಡಿಯುತ್ತದೆ. ಬಂದವರು ಗಡಿಯಾರ ನೋಡುತ್ತಲೇ ಒಳಗೆ ಕಾಲಿಡುತ್ತಾರೆ.

೧. ಬಬಲೇಶ್ವರದ ಮಾಸ್ತರರು

ಹತ್ತಕ್ಕೆ ತರಬೇತಿ. ಒಂಬತ್ತೂವರೆಗೆ ಬೆವರುತ್ತ ಬಂದರು. ಪೆನ್‌ಡ್ರೈವ್ ಯಾವ ಕಂಪ್ಯೂಟರಿನಲ್ಲೂ ಕಾಣಿಸುತ್ತಿಲ್ಲ. ಬೆಳಕಿಗೆ ಹಿಡಿದು ನೋಡಿದೆ. ಒಳಗೆಲ್ಲ ಕೆಂಪು, ಹಳದಿ.

"ಏನ್ರಿ ಇದು?"

"ಆಯುಧ ಪೂಜಿ ಮಾಡೀನ್ರಿ. ತಪ್ಪಾತೇನು?"

"ಕುಂಕುಮ ಒಳಗ ಯಾಕ ಹೋತು?"

"ಇದರ ಹಣಿ ಯಾವುದಂತ ತಿಳೀಲಿಲ್ರಿ. ಬಾಯಿಗೆ ಹಚ್ಚೀನಿ."

೨. ಟಿಕೋಟಾದ ಬೀಜದ ವ್ಯಾಪಾರಿ

ಇವರು ಪೆನ್‌ಡ್ರೈವಿನಲ್ಲಿ ತಂದದ್ದು ಬರೀ ಶಾರ್ಟ್‌ಕಟ್. ಒತ್ತಿದರೆ ಏನೂ ಇಲ್ಲ.

"ಇದು ದಾರಿ ತೋರ್ಸೋ ಬೋರ್ಡ್ ಅಷ್ಟರಿ. ಫೈಲ್ ನಿಮ್ಮ ಮನಿ ಕಂಪ್ಯೂಟರ್‌ನ್ಯಾಗ ಐತಿ. ಅದನ್ನ ತರ್ರಿ."

ಸಂಜೆ ಸಭೆ. ಓಡಿದರು. ಎರಡು ತಾಸಿನ ಮೇಲೆ ಬಸ್ಸಿಳಿದು, ಚೀಲ ಎದೆಗವಚಿಕೊಂಡು ಬಂದರು. ಬಿಚ್ಚಿದೆ. ಒಳಗೆ ಮಾನಿಟರ್ ಒಂದೇ.

"ಉಳದದ್ದು ಎಲ್ಲಿ?"

"ಕೆಳಗಿನ ಡಬ್ಬಿ ಏನ್ರಿ? ಅದರಾಗ ಯಾವತ್ತೂ ಏನೂ ಕಂಡಿಲ್ರಿ. ಫೈಲ್ ದಿನಾ ಕಾಣತಿದ್ದದ್ದು ಇದರಾಗ!"

೩. ಹೊನವಾಡದ ಅಕ್ಕನವರು

ಹೆಣ್ಣುಮಕ್ಕಳ ಸಂಘದ ಅಧ್ಯಕ್ಷರು. ಒಣದ್ರಾಕ್ಷಿ ಪ್ಯಾಕ್ ಮಾಡುವ ಮಷಿನ್ ಒಂದೇ ಒಂದು ಸಂಘಕ್ಕೆ ಸಿಗುವುದಿತ್ತು. ಹನ್ನೆರಡಕ್ಕೆ ಸಭೆಯಲ್ಲಿ ಅಧಿಕಾರಿಗಳು ಎಲ್ಲರ ಫೈಲು ನೋಡಿ ತೀರ್ಮಾನಿಸುತ್ತಾರೆ. ಇವರ ಫೈಲು ಪಾಸ್‌ವರ್ಡ್ ಕೇಳುತ್ತಿತ್ತು.

"ಹೇಳ್ರಿ, ಟೈಪ್ ಹೊಡೀತೀನಿ."

ಸೆರಗು ತಲೆಯ ಮೇಲೆ ಎಳೆದುಕೊಂಡರು. "ಗೊತ್ತೈತ್ರಿ. ಹೇಳಾಕ ಬರಂಗಿಲ್ಲ."

"ಯಾಕ?"

"ಮಗಳು ಅವರ ಹೆಸರ ಇಟ್ಟಾಳ್ರಿ. ನಮ್ಮ ಮನಿಯವರದು."

"ಬರದ ಕೊಡ್ರಿ."

"ಬರದ್ರೂ ಅಷ್ಟ ಅಲ್ಲೇನ್ರಿ?"

"ಮಗಳಿಗೆ ಫೋನ್ ಹಚ್ಚರಿ."

"ಪರೀಕ್ಷಾಕ್ಕ ಕುಂತಾಳ್ರಿ."

"ನಿಮ್ಮ ಮನಿಯವರಿಗೇ ಹಚ್ಚರಿ."

"ಹೊಲದಾಗ ಅದಾರ. ಫೋನ್ ಮನ್ಯಾಗ ಐತಿ."

ಗಡಿಯಾರದಲ್ಲಿ ಹನ್ನೊಂದೂವರೆ. ಅವರ ಕಣ್ಣು ತುಂಬಿತು. "ಹತ್ತು ಮಂದಿ ನನ್ನ ನಂಬಿ ಕಳಿಸ್ಯಾರೋ ಯಪ್ಪಾ."

ನಾನು ಕೇಳಿದೆ, "ಲಗ್ನದಾಗ ಹೆಂಗ ಹೇಳಿದ್ರಿ?"

"ಒಡಪ ಹಾಕಿ ಹೇಳಿದ್ದೆ."

ಗಂಡನ ಹೆಸರನ್ನು ಬರಿದೆ ಹೇಳಬಾರದು; ಒಡಪದ ಪ್ರಾಸದೊಳಗೆ ಇಟ್ಟು ಹಾಡಿದಂತೆ ಹೇಳಿದರೆ ನಮ್ಮಲ್ಲಿ ತಪ್ಪಿಲ್ಲ.

"ಈಗೂ ಹಾಕ್ರಿ."

ಅಂಗಡಿಯಲ್ಲಿ ಝೆರಾಕ್ಸಿಗೆ ನಿಂತವರೆಲ್ಲ ಇತ್ತ ತಿರುಗಿದರು. ಅವರು ಗೋಡೆಯ ಕಡೆ ಮುಖ ಮಾಡಿದರು.

"ಬಳ್ಳಿ ತುಂಬ ತೂಗತಾವ ದ್ರಾಕ್ಷಿ, ಮಲ್ಲಪ್ಪನವರ ಹೆಸರ ಹೇಳತೀನಿ, ನೀವೆಲ್ಲಾರೂ ಸಾಕ್ಷಿ."

ಹೊಡೆದೆ. ತೆರೆಯಿತು. ಅಂಗಡಿಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

"ಸಭಾದಾಗ ಪಾಸ್‌ವರ್ಡ್ ಮತ್ತ ಕೇಳತೈತಿ. ಈ ಹೆಸರ ತಗದ ಬಿಡ್ಲೇನ್ರಿ?" ಎಂದೆ.

"ಅವರ ಹೆಸರ ತಗೀತೀರಾ? ಬಿಡ್ತು ಅನ್ರಿ!"

ಬಿಡ್ತು ಅಂದೆ. ಪೆನ್‌ಡ್ರೈವ್ ಕಿತ್ತುಕೊಂಡು ಓಡಿದರು.

ಮರುದಿನ ಒಣದ್ರಾಕ್ಷಿಯ ಪೊಟ್ಟಣ ಹಿಡಿದು ಬಂದರು. "ಮಷಿನ್ ನಮಗ ಆತ್ರಿ!"

"ಪಾಸ್‌ವರ್ಡ್ ಕೇಳಿತೇನು?"

"ಕೇಳಿತ್ರಿ. ಮೈಕ್ ಕೈಯಾಗ ಕೊಟ್ರು. ತುಂಬಿದ ಸಭಾದಾಗ ಒಡಪ ಹಾಕಿದೆ."

"ಅಧಿಕಾರಿಗಳು ದ್ರಾಕ್ಷಿ ಬಗ್ಗೆ ಏನ್ ಕೇಳಿದ್ರು?"

"ದ್ರಾಕ್ಷಿ ಸುದ್ದಿ ಎಲ್ಲೀದ್ರಿ? ಫೈಲ್ ಮುಚ್ಚಿ ಇನ್ನೊಮ್ಮೆ ತಗೀರಿ ಅಂದ್ರು!"