ಕೆಜಿಯಾಳ ಬೆಂಚು

ನನ್ನ ಗಂಡ ಲೈಮನ್ ಒಳ್ಳೆಯ ಮನುಷ್ಯ. ಅವನಲ್ಲಿ ಎರಡೇ ದೋಷ: ಫಲಕ ಕಂಡರೆ ನಿಲ್ಲುತ್ತಾನೆ, ಚರ್ಚಿನಲ್ಲಿ ಪಾದ್ರಿಗಳ ಪ್ರಸಂಗ ಶುರುವಾದರೆ ನಿದ್ದೆ ಹೋಗುತ್ತಾನೆ. ಎರಡನೆಯದಕ್ಕೆ ನನ್ನ ಮೊಣಕೈ ಇದೆ. ಮೂವತ್ತೊಂದು ವರ್ಷಗಳಿಂದ ಪ್ರತಿ ಭಾನುವಾರ ಅದು ಅವನ ಪಕ್ಕೆಲುಬಿನಲ್ಲಿ ದೇವರ ಸೇವೆ ಮಾಡುತ್ತ ಬಂದಿದೆ. ಮೊದಲನೆಯದಕ್ಕೆ ಮದ್ದಿಲ್ಲ. ನಮ್ಮ ಮ್ಯಾಸಚೂಸೆಟ್ಸ್‌ನಲ್ಲಿ ಇನ್ನೂರು ವರ್ಷದ ಹಿಂದೆ ಯಾರೋ ಒಂದು ಕಲ್ಲಿನ ಮೇಲೆ ಕುಳಿತಿದ್ದರೂ ಅಲ್ಲೊಂದು ಫಲಕ ನೆಟ್ಟಿರುತ್ತಾರೆ.

ಆ ಶನಿವಾರ ನನಗೆ ಫಲಕಗಳು ಬೇಕಾಗಿರಲಿಲ್ಲ. ಮರುದಿನ ಚರ್ಚಿನಲ್ಲಿ ‘ನಮ್ಮ ಹಿರಿಯರ ಭಕ್ತಿ’ ಎಂಬ ವಿಷಯವಾಗಿ ಹತ್ತು ನಿಮಿಷ ಮಾತಾಡಲು ಪಾದ್ರಿಗಳು ಹೇಳಿದ್ದರು. ನನ್ನ ಅಜ್ಜಿಯ ಅಜ್ಜಿಯ ಅಜ್ಜಿಯ ಅಜ್ಜಿ ಕೆಜಿಯಾಳ ಬಗ್ಗೆ ಹೇಳುತ್ತೇನೆಂದು ಒಪ್ಪಿಕೊಂಡುಬಿಟ್ಟಿದ್ದೆ. (ಒಪ್ಪಿಕೊಳ್ಳುವಾಗ ಸ್ವಲ್ಪ ಹೆಮ್ಮೆಯೂ ಇತ್ತು. ಆ ಪಾಪವನ್ನು ಇಲ್ಲೇ ಅರಿಕೆ ಮಾಡಿಕೊಳ್ಳುತ್ತೇನೆ.) ಮನೆಯ ಹಳೆಯ ಬೈಬಲಿನ ಮೊದಲ ಪುಟದಲ್ಲಿ ಅವಳ ಬಗ್ಗೆ ಇದ್ದದ್ದು ಒಂದೇ ಸಾಲು: ಯಾವ ಊರಿನ ಚರ್ಚು, ಎಷ್ಟನೆಯ ಬೆಂಚು. ಹತ್ತು ನಿಮಿಷಕ್ಕೆ ಒಂದು ಸಾಲು ಸಾಲದು. ಸೇಲಂ ಆಚೆಯ ಆ ಸಣ್ಣ ಊರಿನಲ್ಲಿ ಹಳೆಯ ಚರ್ಚು ಈಗಲೂ ಇದೆ. ಶನಿವಾರ ನಾಲ್ಕು ಗಂಟೆಗೆ ಬಾಗಿಲು ಹಾಕುತ್ತಾರೆ.

“ಹೇಗೂ ಹೋಗ್ತೀವಲ್ಲ ವಿನ್ನಿ, ದಾರೀಲಿ ಕಾಂಕರ್ಡ್, ಬಾಸ್ಟನ್, ಸೇಲಂ ಮೂರೂ ಮುಗಿಸ್ಕೊಂಡು ಹೋಗೋಣ,” ಎಂದ ಲೈಮನ್.

“ಮುಗಿಸೋಕೆ ಅವೇನು ತಟ್ಟೇಲಿರೋ ಬೀನ್ಸಾ?”

“ಮೂರು ಗಂಟೆಗೆ ಸರಿಯಾಗಿ ನಿನ್ನ ಅಜ್ಜಿ ಮುಂದೆ ನಿಲ್ಲಿಸ್ತೀನಿ.”

ಕಾಂಕರ್ಡ್‌ನಲ್ಲಿ ಸೇತುವೆ ಒಂದು, ಅದರ ಆಸುಪಾಸಿನ ಫಲಕಗಳು ಏಳು. ಬಾಸ್ಟನ್ನಿನಲ್ಲಿ ಪುರಾತನ ಸ್ಥಳಗಳನ್ನೆಲ್ಲ ಜೋಡಿಸುತ್ತ ಕಾಲುದಾರಿಯಲ್ಲಿ ಕೆಂಪು ಇಟ್ಟಿಗೆಯ ಗೆರೆಯೊಂದು ಹೋಗುತ್ತದೆ. ಲೈಮನ್ ತಲೆ ತಗ್ಗಿಸಿ ಸಕ್ಕರೆ ಹುಡುಕುವ ಇರುವೆಯಂತೆ ಅದರ ಮೇಲೆ ನಡೆದ. ನಾನು ಮೊಟ್ಟೆಯ ಸ್ಯಾಂಡ್‌ವಿಚ್ ಚೀಲ ಹೊತ್ತು ಹಿಂದೆ ನಡೆದೆ. ಒಂದು ಗೋಡೆಯ ಮುಂದೆ ಅವನು ಟೋಪಿ ತೆಗೆದು, ಗೌರವದಿಂದ ಬಹಳ ಹೊತ್ತು ನಿಂತ.

“ಲೈಮನ್, ಅದು ಹಲ್ಲಿನ ಡಾಕ್ಟರ ಬೋರ್ಡು.”

“ಗೊತ್ತು. ಮಂಗಳವಾರ ರಜಾ ಅಂತೆ.”

ಸೇಲಂ ತಲುಪಿದಾಗ ಎರಡೂವರೆ. ನಾನು ಕಾರಿನಿಂದ ಇಳಿಯಲಿಲ್ಲ. “ನೀನು ಹೋಗಿ ಓದ್ಕೊಂಡು ಬಾ. ನಾನಿಲ್ಲಿ ತಾಳ್ಮೆ ಕೊಡು ದೇವರೇ ಅಂತ ಕೇಳ್ತಿರ್ತೀನಿ.”

“ನನಗೂ ಸ್ವಲ್ಪ ಕೇಳು.”

“ನಿನಗ್ಯಾಕೆ?”

“ಪಕ್ಕೆಲುಬಿಗೆ,” ಎಂದು ಹೋದ.

ಅಂತೂ ಮೂರೂ ಮುಕ್ಕಾಲಿಗೆ ಕೆಜಿಯಾಳ ಚರ್ಚು ಸಿಕ್ಕಿತು. ನೋಡಿಕೊಳ್ಳುವ ಮುದುಕಿ ಮಿಸೆಸ್ ಥರ್ಲೋ ಕೈಯಲ್ಲಿ ಉದ್ದನೆಯ ಕೋಲು ಹಿಡಿದು ಬಾಗಿಲಲ್ಲೇ ಇದ್ದರು. ಕೋಲಿನ ಒಂದು ತುದಿಗೆ ಮರದ ಗುಂಡು, ಇನ್ನೊಂದಕ್ಕೆ ನರಿಯ ಬಾಲ.

“ಆಗಿನ ಕಾಲದ್ದಮ್ಮ. ಪ್ರಸಂಗದಲ್ಲಿ ತೂಕಡಿಸೋರನ್ನ ಎಬ್ಬಿಸೋಕೆ. ಗಂಡಸರ ತಲೆಗೆ ಗುಂಡು, ಹೆಂಗಸರ ಮೂಗಿಗೆ ಬಾಲ.”

“ಇಂಥದ್ದು ಈಗ ಎಲ್ಲಾದ್ರೂ ಮಾಡಿಕೊಡ್ತಾರಾ?” ಎಂದು ಕೇಳಿದೆ. “ಗುಂಡಿನ ತುದಿ ಮಾತ್ರ ಸಾಕು.”

ಲೈಮನ್ ಕೇಳಿಸದವನಂತೆ ಗಾಜಿನ ಪೆಟ್ಟಿಗೆಯಲ್ಲಿ ತೆರೆದಿಟ್ಟಿದ್ದ ಚರ್ಚಿನ ಹಳೆಯ ದಫ್ತರದ ಕಡೆ ನಡೆದ. ನಾನು ಹದಿನಾಲ್ಕನೆಯ ಬೆಂಚು ಹುಡುಕಿದೆ. ಸುತ್ತ ಎತ್ತರದ ಹಲಗೆ, ಸಣ್ಣ ಬಾಗಿಲು; ಪೆಟ್ಟಿಗೆಯೊಳಗೆ ಕುಳಿತಂತೆ. ಇಲ್ಲೇ ಕೆಜಿಯಾ ಕುಳಿತು ದೇವರ ಮಾತು ಕೇಳಿದ್ದಳು ಎಂದುಕೊಂಡಾಗ ಕಣ್ಣು ತೇವವಾಯಿತು. ಅವಳ ಭಕ್ತಿಯಲ್ಲಿ ನನಗೂ ಒಂದು ಪಾಲು ಸಿಗಲಿ ಎಂದು ಬೇಡಿಕೊಳ್ಳಲು ಕಣ್ಣು ಮುಚ್ಚಿದೆ.

ಮೂಗಿನ ಮೇಲೆ ಏನೋ ಕಚಗುಳಿಯಿಟ್ಟಿತು. ಕಣ್ಣು ಬಿಟ್ಟರೆ ನರಿಯ ಬಾಲ. ಅದರ ಹಿಂದೆ ಮಿಸೆಸ್ ಥರ್ಲೋ, ಅವರ ಹಿಂದೆ ಒಳ್ಳೆಯ ಫಲಕ ಓದಿದ ಮುಖದ ಲೈಮನ್.

“ತಪ್ಪು ತಿಳೀಬೇಡಿ. ನಾಲ್ಕೂಕಾಲಾಯ್ತು. ಮೂರು ಸಲ ಕರೆದೆ.”

“ಪ್ರಾರ್ಥನೆ ಮಾಡ್ತಿದ್ದೆ,” ಎಂದೆ.

“ಗೊರಕೆ ಸಮೇತ,” ಎಂದ ಲೈಮನ್. “ಏಳು ವಿನ್ನಿ, ನಿನ್ನ ಅಜ್ಜಿ ಸಮಾಚಾರ ಸಿಕ್ತು.”

ಕೈಹಿಡಿದು ಪೆಟ್ಟಿಗೆಯ ಬಳಿ ಕರೆದೊಯ್ದು, ಗಾಜಿನ ಮೇಲೆ ಬೆರಳಾಡಿಸುತ್ತ ಮಾಸಿದ ಅಕ್ಷರಗಳನ್ನು ನಿಧಾನವಾಗಿ ಓದಿದ: ಹದಿನಾಲ್ಕನೆಯ ಬೆಂಚಿನ ಕೆಜಿಯಾ ಪ್ರಸಂಗದ ಹೊತ್ತಿನಲ್ಲಿ ನಿದ್ರಿಸುತ್ತಿದ್ದಳು, ಬಾಲದಿಂದ ಎಬ್ಬಿಸಲಾಯಿತು, ಈ ಚಳಿಗಾಲದಲ್ಲಿ ಇದು ನಾಲ್ಕನೆಯ ಸಲ.

“ಅವಳ ಗಂಡನ ಹೆಸರಿಲ್ವಾ?” ಎಂದೆ, ಒಂದು ಆಸೆಯಿಂದ.

“ಎರಡೂ ಪುಟ ಪೂರ್ತಿ ಓದಿದೆ. ಆ ಪುಣ್ಯಾತ್ಮ ಒಂದು ಸಲಾನೂ ಮಲಗಿಲ್ಲ.”

ಮರುದಿನ ಚರ್ಚಿನಲ್ಲಿ ಎದ್ದು ನಿಂತೆ. ಅದು ಸುಳ್ಳು ಹೇಳುವ ಜಾಗವಲ್ಲ. ಕೆಜಿಯಾ, ಕೋಲು, ಬಾಲ, ನಾಲ್ಕು ಸಲ, ಎಲ್ಲವನ್ನೂ ಹೇಳಿದೆ. ಜನ ನಕ್ಕರು, ಪಾದ್ರಿಗಳೂ ನಕ್ಕರು. ಕೆಜಿಯಾಳ ಐದನೆಯ ನಿದ್ದೆಯನ್ನು ಅವಳ ಈ ಮೊಮ್ಮಗಳು ಪೂರೈಸಿದ ಸಂಗತಿಯನ್ನು ಮಾತ್ರ ಬಿಟ್ಟೆ. (ಬಿಡುವುದು ಸುಳ್ಳಲ್ಲ ಎಂದು ನನ್ನ ತಿಳುವಳಿಕೆ.) ಎಂಟೇ ನಿಮಿಷಕ್ಕೆ ಮಾತು ಮುಗಿಯಿತು.

“ಇನ್ನೂ ಎರಡು ನಿಮಿಷ ಇದೆ,” ಎಂದರು ಪಾದ್ರಿಗಳು. “ಯಾರಾದ್ರೂ ಏನಾದ್ರೂ ಸೇರಿಸೋದಿದ್ಯಾ?”

ಮೂವತ್ತೊಂದು ವರ್ಷಗಳಿಂದ ನಾನು ದೇವರಲ್ಲಿ ಕೇಳಿಕೊಂಡದ್ದು ಒಂದೇ: ಇವನು ಒಂದು ಭಾನುವಾರವಾದರೂ ಪೂರ್ತಿ ಎಚ್ಚರವಾಗಿರಲಿ. ದೇವರಿಗೆ ಅದು ಕೇಳಿಸಿತ್ತು. ಮೂರನೆಯ ಸಾಲಿನಲ್ಲಿ, ಕಣ್ಣು ಅಗಲವಾಗಿ ಬಿಟ್ಟುಕೊಂಡು, ಲೈಮನ್ ಕೈ ಎತ್ತಿದ.